ರಿಲ್ಯಾಪ್-5: ಹಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ರಿಲ್ಯಾಪ್-5 ಅನ್ನುವ ಇಷ್ಟು ಹಳೆಯ ಫೋರ್ಟ್ರಾನ್ ಕೋಡನ್ನು, ಅಂದರೆ ಕಂಪ್ಯೂಟರ್ ಪ್ರೋಗ್ರಾಮನ್ನು, ಈಗಲೂ ಕಲಿಯಬೇಕಾ? ರಿಯಾಕ್ಟರ್ ಥರ್ಮಲ್ ಹೈಡ್ರಾಲಿಕ್ಸ್‌ಗೆ (ರಿಯಾಕ್ಟರಿನಲ್ಲಿ ಶಾಖ ಮತ್ತು ನೀರು-ಹಬೆಯ ಹರಿವಿನ ಅಧ್ಯಯನ) ಹೊಸದಾಗಿ ಬರುವ ಎಂಟೆಕ್, ಪಿಎಚ್‌ಡಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಕಲಿಯಿರಿ ಅಂತಲೇ ನಾನು ಹೇಳುತ್ತೇನೆ. ಕೂಲೆಂಟ್ (ರಿಯಾಕ್ಟರಿನ ಶಾಖ ಹೊತ್ತೊಯ್ಯುವ ನೀರು) ಪೈಪು ಒಡೆದರೆ, ಪಂಪು ನಿಂತರೆ, ಮುಂದಿನ ಕೆಲವು ನಿಮಿಷ ಅಥವಾ ಗಂಟೆಗಳಲ್ಲಿ ಇಡೀ ಪ್ಲಾಂಟ್ ಹೇಗೆ ನಡೆದುಕೊಳ್ಳುತ್ತದೆ ಅಂತ ಒಂದು ಸಾಮಾನ್ಯ ಕಂಪ್ಯೂಟರಿನಲ್ಲೇ ತೋರಿಸುವ ಸಾಧನ ಇದು. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಒಂದು ಮಾತು. ಇದು ಹೆಚ್ಚುಕಡಿಮೆ ಯಾವಾಗಲೂ ಒಂದು ಉತ್ತರ ಕೊಟ್ಟೇ ಕೊಡುತ್ತದೆ, ಮತ್ತು ಆ ಉತ್ತರದಲ್ಲಿ ಎಷ್ಟು ಪಾಲು ನಿಜವಾದ ಭೌತಶಾಸ್ತ್ರದ್ದು, ಎಷ್ಟು ಪಾಲು ಪ್ರಯೋಗಗಳಿಂದ ತೆಗೆದ ಸೂತ್ರಗಳದ್ದು, ಎಷ್ಟು ಪಾಲು ನೀವು ಜೋಡಿಸಿದ ನೋಡ್‌ಗಳದ್ದು (ಲೆಕ್ಕಕ್ಕಾಗಿ ಪೈಪುಗಳನ್ನು ಭಾಗ ಮಾಡಿದ ತುಂಡುಗಳು) ಅಂತ ಬಿಡಿಸಿ ನೋಡುವ ಕೆಲಸ ಪೂರ್ತಿ ನಿಮ್ಮದೇ. ಕೋಡ್ ಅದನ್ನು ಹೇಳುವುದಿಲ್ಲ. ಈ ವಿಮರ್ಶೆ ಮುಖ್ಯವಾಗಿ ಅದರ ಬಗ್ಗೆಯೇ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗಕ್ಕಾಗಿ ಐಡಾಹೊ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದ ಕೋಡ್ ಇದು. ಇದರ ಅಣ್ಣ ರಿಲ್ಯಾಪ್-4 ನೀರು ಮತ್ತು ಹಬೆಯನ್ನು ಒಂದೇ ದ್ರವದ ಹಾಗೆ ನೋಡುತ್ತಿತ್ತು: ಎರಡಕ್ಕೂ ಒಂದೇ ವೇಗ, ಒಂದೇ ತಾಪಮಾನ. ದೊಡ್ಡ ಪೈಪು ಒಡೆದ ಮೊದಲ ಕೆಲವು ಸೆಕೆಂಡುಗಳಿಗೆ ಇದು ನಡೆಯುತ್ತದೆ, ಯಾಕೆಂದರೆ ಆಗ ಎಲ್ಲವೂ ಕಲಸಿಕೊಂಡು ಹೊರಗೆ ನುಗ್ಗುತ್ತಿರುತ್ತದೆ. ಸಣ್ಣ ಸೋರಿಕೆಯಲ್ಲಿ ಕಥೆಯೇ ಬೇರೆ. ಹಬೆ ಮೇಲೆ ಹೋಗುತ್ತದೆ, ನೀರು ಕೆಳಗೆ ಇಳಿಯುತ್ತದೆ, ಒಂದು ಬಿಸಿ, ಇನ್ನೊಂದು ತಣ್ಣಗೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದ ಅಪಘಾತದಲ್ಲಿ ಆದದ್ದು ಇಂಥದ್ದೇ. ರಿಲೀಫ್ ವಾಲ್ವ್ ಒಂದು ತೆರೆದೇ ಉಳಿಯಿತು. ಪ್ರೆಶರೈಸರ್ (ವ್ಯವಸ್ಥೆಯ ಒತ್ತಡ ಕಾಯುವ ತೊಟ್ಟಿ) ಮಟ್ಟ ತುಂಬಿದೆ ಅಂತ ಮೀಟರ್ ತೋರಿಸುತ್ತಿತ್ತು. ಅದೇ ಹೊತ್ತಿಗೆ ಇಂಧನ ಇರುವ ಕೋರಿನಲ್ಲಿ ನೀರು ಕಮ್ಮಿಯಾಗುತ್ತಾ ಹೋಯಿತು. ಅಲ್ಲಿಂದ ಮುಂದೆ ಸಣ್ಣ ಸೋರಿಕೆಯ ಲೆಕ್ಕಕ್ಕೆ ಬೆಲೆ ಬಂತು, ಎರಡು ದ್ರವಗಳ ಮಾದರಿ ಇರುವ ರಿಲ್ಯಾಪ್-5ಕ್ಕೂ ಬೆಲೆ ಬಂತು.

ಎರಡು ದ್ರವಗಳ ಮಾದರಿ ಅಂದರೆ ಆರು ಸಮೀಕರಣ. ನೀರಿಗೆ ಮೂರು, ಹಬೆಗೆ ಮೂರು: ದ್ರವ್ಯರಾಶಿ, ಸಂವೇಗ, ಶಕ್ತಿ. ಒತ್ತಡ ಮಾತ್ರ ಎರಡಕ್ಕೂ ಒಂದೇ. ನೀರು ಮತ್ತು ಹಬೆ ಎಷ್ಟು ಉಜ್ಜಿಕೊಳ್ಳುತ್ತವೆ, ಎಷ್ಟು ಶಾಖ ಕೊಟ್ಟು ತೆಗೆದುಕೊಳ್ಳುತ್ತವೆ ಅನ್ನುವುದು ಈ ಸಮೀಕರಣಗಳಿಂದ ಬರುವುದಿಲ್ಲ. ಅದಕ್ಕೆ ಹರಿವಿನ ನಕ್ಷೆ ಬೇಕು. ಗುಳ್ಳೆಗಳಾ, ದೊಡ್ಡ ಹಬೆ ಗಡ್ಡೆಗಳಾ, ಗೋಡೆಗೆ ತೆಳು ನೀರಿನ ಪದರ ಅಂಟಿಕೊಂಡು ನಡುವೆ ಹಬೆ ಓಡುತ್ತಿದೆಯಾ, ಮಲಗಿರುವ ಪೈಪಿನಲ್ಲಿ ನೀರು ಕೆಳಗೆ ಹಬೆ ಮೇಲೆ ಅಂತ ಬೇರ್ಪಟ್ಟಿದೆಯಾ, ಪ್ರತಿ ನೋಡಿನಲ್ಲಿ, ಪ್ರತಿ ಟೈಮ್ ಸ್ಟೆಪ್ಪಿನಲ್ಲಿ (ಲೆಕ್ಕ ಒಂದು ಸಲಕ್ಕೆ ಮುಂದೆ ಇಡುವ ಸಮಯದ ಹೆಜ್ಜೆ) ಕೋಡ್ ಇದನ್ನು ಊಹಿಸಿ ಅದಕ್ಕೆ ತಕ್ಕ ಸೂತ್ರ ಆರಿಸುತ್ತದೆ. ಒಂದು ಬಗೆಯ ಹರಿವಿನಿಂದ ಇನ್ನೊಂದಕ್ಕೆ ದಾಟುವಾಗ ಸೂತ್ರ ತಟ್ಟನೆ ಬದಲಾದರೆ ಲೆಕ್ಕ ಕುಣಿಯುತ್ತದೆ. ಹಾಗಾಗಿ ನಡುವೆ ಸವೆಸಿ ಜೋಡಿಸಿರುತ್ತಾರೆ. ಆ ಜೋಡಣೆಯಲ್ಲಿ ಭೌತಶಾಸ್ತ್ರ ಇಲ್ಲ, ಲೆಕ್ಕ ಮುಂದೆ ಸಾಗಲಿ ಅನ್ನುವ ಉದ್ದೇಶ ಮಾತ್ರ ಇದೆ. ಇದು ಗೊತ್ತಿದ್ದರೆ ಎಷ್ಟೋ ಗ್ರಾಫ್‌ಗಳಲ್ಲಿ ಕಾಣುವ ವಿಚಿತ್ರ ಮೂಲೆಗಳು ಎಲ್ಲಿಂದ ಬಂದವು ಅಂತ ಅರ್ಥವಾಗುತ್ತದೆ.

ಈಗ ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ, ಸೆಮಿ-ಇಂಪ್ಲಿಸಿಟ್ ವಿಧಾನ. ಯೋಚನೆ ಸರಳ. ಒತ್ತಡದ ಅಲೆ ನೀರಿನಲ್ಲಿ ಸೆಕೆಂಡಿಗೆ ಸುಮಾರು ಸಾವಿರ ಮೀಟರ್ ಓಡುತ್ತದೆ, ನೀರು ಮಾತ್ರ ಸೆಕೆಂಡಿಗೆ ಎಂಟೋ ಹತ್ತೋ ಮೀಟರ್ ಹರಿಯುತ್ತದೆ. ನೋಡ್ ಉದ್ದ ಅರ್ಧ ಮೀಟರ್ ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಹಳೆಯ ಸಮಯದ ಬೆಲೆಗಳಿಂದಲೇ ಲೆಕ್ಕ ಹಾಕಿದರೆ ಟೈಮ್ ಸ್ಟೆಪ್ ಅರ್ಧ ಮಿಲಿಸೆಕೆಂಡ್ ದಾಟುವ ಹಾಗಿಲ್ಲ. ಒತ್ತಡವನ್ನೂ ನೀರು-ಹಬೆ ನಡುವಿನ ಕೊಡುಕೊಳ್ಳುವಿಕೆಯನ್ನೂ ಹೊಸ ಸಮಯದಲ್ಲಿ ಬಿಡಿಸಿ, ಹರಿವು ಹೊತ್ತೊಯ್ಯುವ ಭಾಗವನ್ನು ಮಾತ್ರ ಹಳೆಯ ಸಮಯದಲ್ಲಿ ಬಿಟ್ಟರೆ, ಮಿತಿ 60 ಮಿಲಿಸೆಕೆಂಡಿನ ಹತ್ತಿರ ಬರುತ್ತದೆ. ನೂರು ಪಟ್ಟಿಗಿಂತ ಜಾಸ್ತಿ ಲಾಭ. ಕೊನೆಗೆ ಪ್ರತಿ ನೋಡಿಗೆ ಒಂದೇ ಒಂದು ಅಜ್ಞಾತ, ಒತ್ತಡ, ಉಳಿಯುವ ಹಾಗೆ ಸಮೀಕರಣಗಳನ್ನು ಕುಗ್ಗಿಸಿ ಒಂದು ಮ್ಯಾಟ್ರಿಕ್ಸ್ ಬಿಡಿಸಿದರೆ ಆಯಿತು. ಒತ್ತಡ ನೋಡಿನ ನಡುವೆ, ವೇಗ ಎರಡು ನೋಡ್ ಸೇರುವ ಜಂಕ್ಷನ್ನಿನಲ್ಲಿ. ಯಾವ ಕಡೆಯಿಂದ ಹರಿವು ಬರುತ್ತದೋ ಆ ಕಡೆಯ ಬೆಲೆಯನ್ನೇ ತೆಗೆದುಕೊಳ್ಳುವುದು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಹಾರ್ಲೋ ಮತ್ತು ಆಮ್ಸ್‌ಡೆನ್ ಮಾಡಿದ ಕೆಲಸದ ವಂಶ ಇದು. ಅಷ್ಟು ಹಿಂದಿನ ಕಂಪ್ಯೂಟರುಗಳಿಗಾಗಿ ಯೋಚಿಸಿದ್ದು ಇವತ್ತಿಗೂ ಇಷ್ಟು ಚೆನ್ನಾಗಿ ನಿಂತಿದೆ ಅಲ್ವಾ, ಅದನ್ನು ನೆನೆದರೆ ನನಗೆ ನಿಜವಾಗಿ ಖುಷಿಯಾಗುತ್ತದೆ.

ಆದರೆ ಹಬೆ ವೇಗವಾಗಿ ಓಡುವ ಕಡೆ ಈ ಲಾಭ ಕರಗುತ್ತದೆ. ಒಡೆದ ಬಾಯಿಯ ಹತ್ತಿರ ಹಬೆ ಸೆಕೆಂಡಿಗೆ 300 ಮೀಟರ್ ಹೋಗುತ್ತಿದ್ದು ಅಲ್ಲಿನ ನೋಡ್ 20 ಸೆಂಟಿಮೀಟರ್ ಇದ್ದರೆ, ಟೈಮ್ ಸ್ಟೆಪ್ ಒಂದು ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ. ಆ ಒಂದು ನೋಡಿನಿಂದಾಗಿ ಇಡೀ ಪ್ಲಾಂಟ್ ಕಾಯಬೇಕು. ದೊಡ್ಡ ಮಾದರಿ ನಿಧಾನವಾದಾಗ ಮೊದಲು ಆ ನೋಡ್ ಯಾವುದು ಅಂತ ಹುಡುಕಿ. ಔಟ್‌ಪುಟ್ ಫೈಲಿನಲ್ಲಿ ಅದರ ಮಾಹಿತಿ ಸಿಗುತ್ತದೆ.

ಹೊಸಬರು ಮೊದಲು ಓಡಿಸಬೇಕಾದದ್ದು ಎಡ್ವರ್ಡ್ಸ್ ಪೈಪು. 1970ರ ಪ್ರಯೋಗ ಇದು. 4.096 ಮೀಟರ್ ಉದ್ದ, 73 ಮಿಲಿಮೀಟರ್ ಒಳವ್ಯಾಸದ ಪೈಪು. ಒಳಗೆ 7 ಮೆಗಾಪಾಸ್ಕಲ್ ಒತ್ತಡದಲ್ಲಿ ಸುಮಾರು 229 ಡಿಗ್ರಿ ಸೆಲ್ಸಿಯಸ್ ನೀರು. ಒಂದು ತುದಿಯನ್ನು ತಟ್ಟನೆ ಒಡೆಯುತ್ತಾರೆ. ಒತ್ತಡದ ಅಲೆ ಮೂರ್ನಾಲ್ಕು ಮಿಲಿಸೆಕೆಂಡಿನಲ್ಲಿ ಮುಚ್ಚಿದ ತುದಿ ಮುಟ್ಟುತ್ತದೆ. ಒತ್ತಡ ಜರ್ರನೆ ಇಳಿದು ಆ ತಾಪಮಾನದ ಕುದಿಯುವ ಒತ್ತಡದ ಆಸುಪಾಸಿನಲ್ಲಿ, ಅಂದರೆ 2.7 ಮೆಗಾಪಾಸ್ಕಲ್ ಹತ್ತಿರ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಯಾಕೆಂದರೆ ನೀರು ಹಬೆಯಾಗುತ್ತಾ ಒತ್ತಡವನ್ನು ಹಿಡಿದಿಡುತ್ತದೆ. ಅರ್ಧ ಸೆಕೆಂಡಿನ ಸುಮಾರಿಗೆ ಪೈಪು ಖಾಲಿ. ಇಪ್ಪತ್ತು ನೋಡ್ ಹಾಕಿದರೂ ರಿಲ್ಯಾಪ್-5 ಈ ಇಡೀ ನಡೆಯನ್ನು ಚೆನ್ನಾಗಿ ಹಿಡಿಯುತ್ತದೆ. ಹಿಡಿಯಲು ಕಷ್ಟಪಡುವುದು ಎಲ್ಲಿ ಅಂದರೆ, ಮೊಟ್ಟಮೊದಲ ಗುಳ್ಳೆ ಹುಟ್ಟಲು ತಡವಾಗಿ ಒತ್ತಡ ಕುದಿಯುವ ಬಿಂದುವಿಗಿಂತ ಕೆಳಗೆ ಜಾರಿ ಮತ್ತೆ ಮೇಲೆ ಬರುವ ಆ ಕ್ಷಣದಲ್ಲಿ. ಪ್ಲಾಂಟ್ ಸುರಕ್ಷತೆಗೆ ಆ ಕ್ಷಣ ಮುಖ್ಯವಲ್ಲ. ಗುಳ್ಳೆ ಹುಟ್ಟುವುದರ ಮೇಲೆಯೇ ಸಂಶೋಧನೆ ಮಾಡುವವರಿಗೆ ಈ ಕೋಡ್ ಬೇಡ.

ಎರಡನೆಯದು ಇನ್ನೂ ಮುಖ್ಯ: ರ‍್ಯಾನ್ಸಮ್ ಅವರ ನಲ್ಲಿ ಸಮಸ್ಯೆ. ರಿಲ್ಯಾಪ್-5 ಕಟ್ಟಿದವರಲ್ಲಿ ಒಬ್ಬರಾದ ರ‍್ಯಾನ್ಸಮ್ ಅವರೇ ಕೊಟ್ಟ ಪರೀಕ್ಷೆ. 12 ಮೀಟರ್ ಎತ್ತರದ ನೆಟ್ಟಗಿನ ಪೈಪು. ಮೇಲಿನಿಂದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೀರು, ಪೈಪಿನ ಅಡ್ಡಕೊಯ್ತದಲ್ಲಿ ನೀರಿನ ಪಾಲು 0.8, ಉಳಿದದ್ದು ಗಾಳಿ. ಗುರುತ್ವಾಕರ್ಷಣೆಯಿಂದ ನೀರಿನ ಧಾರೆ ಕೆಳಗೆ ಹೋಗುತ್ತಾ ವೇಗ ಹೆಚ್ಚಿಸಿಕೊಂಡು ತೆಳುವಾಗುತ್ತದೆ. ಇದಕ್ಕೆ ಕೈಯಲ್ಲೇ ಬರೆಯಬಹುದಾದ ಉತ್ತರ ಇದೆ. ಅರ್ಧ ಸೆಕೆಂಡಿನಲ್ಲಿ ತೆಳುವಾದ ಭಾಗದ ಮುಂಚೂಣಿ ಮೇಲಿನಿಂದ ಸುಮಾರು 6.2 ಮೀಟರ್ ಕೆಳಗೆ ಇರಬೇಕು, ಅಲ್ಲಿ ಗಾಳಿಯ ಪಾಲು 0.46ರ ಹತ್ತಿರದಿಂದ ಒಮ್ಮೆಲೇ 0.2ಕ್ಕೆ ಬೀಳಬೇಕು. ನೋಡ್ ಕಮ್ಮಿ ಇದ್ದರೆ ಈ ಕಡಿದಾದ ಮೆಟ್ಟಿಲು ನುಣ್ಣಗೆ ಜಾರಿದ ಇಳಿಜಾರಾಗಿ ಕಾಣುತ್ತದೆ. ನೋಡ್ ಹೆಚ್ಚಿಸಿದರೆ ಕಡಿದಾಗುತ್ತಾ ಬರುತ್ತದೆ. ಇನ್ನೂ ಹೆಚ್ಚಿಸುತ್ತಾ ಹೋಗಿ. ಒಂದು ಹಂತ ದಾಟಿದ ಮೇಲೆ ಮುಂಚೂಣಿಯಲ್ಲಿ ಮುಳ್ಳಿನಂತೆ ಏರಿಳಿತ ಎದ್ದು ಬೆಳೆಯಲು ಶುರುವಾಗುತ್ತದೆ.

ಇದು ಪ್ರೋಗ್ರಾಮಿನ ದೋಷ ಅಲ್ಲ. ಒಂದೇ ಒತ್ತಡ ಇರುವ ಎರಡು ದ್ರವಗಳ ಮೂಲ ಸಮೀಕರಣಗಳಲ್ಲೇ ಇರುವ ತೊಂದರೆ. ನೀರು ಮತ್ತು ಹಬೆಯ ವೇಗ ಬೇರೆಯಾದ ಕೂಡಲೇ ಆ ಸಮೀಕರಣಗಳ ಲಕ್ಷಣ ವೇಗಗಳು (ಬದಲಾವಣೆ ಹರಡುವ ವೇಗಗಳು) ಸಂಕೀರ್ಣ ಸಂಖ್ಯೆಗಳಾಗುತ್ತವೆ. ಅಲೆ ಎಷ್ಟು ಚಿಕ್ಕದೋ ಅಷ್ಟು ವೇಗವಾಗಿ ಬೆಳೆಯುತ್ತದೆ. ಒರಟು ನೋಡ್‌ಗಳು ತರುವ ಸಂಖ್ಯಾತ್ಮಕ ಸವೆತ (ಲೆಕ್ಕದ ವಿಧಾನವೇ ಕಡಿದಾದದ್ದನ್ನು ನುಣ್ಣಗೆ ಮಾಡಿಬಿಡುವುದು) ಆ ಚಿಕ್ಕ ಅಲೆಗಳನ್ನು ಕೊಲ್ಲುತ್ತದೆ, ಅದಕ್ಕೇ ಕೋಡ್ ಶಾಂತವಾಗಿ ಓಡುತ್ತದೆ. ವರ್ಚುವಲ್ ಮಾಸ್ (ಒಂದು ದ್ರವ ವೇಗ ಬದಲಿಸುವಾಗ ಪಕ್ಕದ ದ್ರವವನ್ನೂ ತಳ್ಳಬೇಕಾಗುವುದರ ಲೆಕ್ಕ) ಅನ್ನುವ ಪದವನ್ನು ಸಮೀಕರಣಕ್ಕೆ ಸೇರಿಸಿದ್ದಾರೆ, ಅದರಿಂದ ಸ್ವಲ್ಪ ಸಹಾಯ ಇದೆ, ಪೂರ್ತಿ ಪರಿಹಾರ ಇಲ್ಲ. ಹಾಗಾಗಿ ಕಾಲೇಜಿನಲ್ಲಿ ಕಲಿತ ನೋಡ್ ಹೆಚ್ಚಿಸು, ಉತ್ತರ ನೆಲೆಗೊಳ್ಳುವವರೆಗೆ ಹೆಚ್ಚಿಸುತ್ತಾ ಹೋಗು ಅನ್ನುವ ನಿಯಮ ಇಲ್ಲಿ ಸುಮ್ನೆ ಅನ್ವಯಿಸುವುದಿಲ್ಲ. ನೋಡಿನ ಉದ್ದ ಅದರ ವ್ಯಾಸಕ್ಕಿಂತ ಕಮ್ಮಿ ಬೇಡ ಅಂತ ಬಳಕೆದಾರರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಪಾಲಿಸಿ. ಆ ಅಳತೆಗಿಂತ ಕೆಳಗೆ ಸರಾಸರಿ ತೆಗೆದ ಸಮೀಕರಣಗಳಿಗೇ ಅರ್ಥ ಉಳಿಯುವುದಿಲ್ಲ. ಪ್ರಬಂಧ ಪರೀಕ್ಷಿಸುವವರು ಮೆಶ್ ಕನ್ವರ್ಜೆನ್ಸ್ (ನೋಡ್ ಹೆಚ್ಚಿಸಿದಾಗ ಉತ್ತರ ನೆಲೆಗೊಳ್ಳುವುದು) ತೋರಿಸಿ ಅಂತ ಕೇಳಿದಾಗ ಈ ಕಾರಣವನ್ನು ಬಿಡಿಸಿ ಹೇಳಿ, ಮಾರ್ಗಸೂಚಿಯ ಒಳಗೆ ಎರಡು ಮೂರು ನೋಡ್ ಜೋಡಣೆಗಳ ಫಲಿತಾಂಶ ಕೊಡಿ. ಅದೇ ಪ್ರಾಮಾಣಿಕ ದಾರಿ.

ಸವೆತದ ಬಗ್ಗೆ ಇನ್ನೊಂದು ವಿಷಯ. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಟೈಮ್ ಸ್ಟೆಪ್ ಸಣ್ಣದು ಮಾಡಿದರೆ ಉತ್ತರ ಇನ್ನೂ ನಿಖರ ಆಗುತ್ತದೆ ಅಂತ ಎಲ್ಲರೂ ನಂಬಿರುತ್ತಾರೆ. ಈ ವಿಧಾನದಲ್ಲಿ ಸವೆತ ಎಷ್ಟು ಅಂದರೆ, ವೇಗ ಗುಣಿಸು ನೋಡ್ ಉದ್ದ ಗುಣಿಸು ಒಂದರಿಂದ ಕೂರಾಂಟ್ ಸಂಖ್ಯೆ ಕಳೆದದ್ದು, ಅದರ ಅರ್ಧ. ಒಂದು ಟೈಮ್ ಸ್ಟೆಪ್ಪಿನಲ್ಲಿ ಹರಿವು ನೋಡಿನ ಎಷ್ಟು ಪಾಲು ದಾಟುತ್ತದೆ ಅನ್ನುವುದೇ ಕೂರಾಂಟ್ ಸಂಖ್ಯೆ. ಅದು 1ರ ಹತ್ತಿರ ಇದ್ದರೆ ಸವೆತ ಸೊನ್ನೆಯ ಹತ್ತಿರ. ಟೈಮ್ ಸ್ಟೆಪ್ ಇಳಿಸಿದಷ್ಟೂ ಸವೆತ ಹೆಚ್ಚುತ್ತದೆ! ಎಲ್ಲವನ್ನೂ ಹೊಸ ಸಮಯದಲ್ಲೇ ಬಿಡಿಸುವ ಪೂರ್ತಿ ಇಂಪ್ಲಿಸಿಟ್ ವಿಧಾನಗಳಲ್ಲಿ ಕಳೆಯುವ ಬದಲು ಕೂಡಬೇಕು, ಅಲ್ಲಿ ದೊಡ್ಡ ಟೈಮ್ ಸ್ಟೆಪ್ಪಿಗೆ ಸವೆತ ಜಾಸ್ತಿ. ದೊಡ್ಡ ಬ್ಲೋಡೌನ್ (ಪೈಪು ಒಡೆದು ನೀರು-ಹಬೆ ಹೊರಗೆ ನುಗ್ಗುವುದು) ಲೆಕ್ಕದಲ್ಲಿ ಇದರಿಂದ ಏನೂ ಆಗುವುದಿಲ್ಲ. ಆದರೆ ಪಂಪಿಲ್ಲದೆ ತಾನಾಗಿ ಹರಿಯುವ ವ್ಯವಸ್ಥೆಯಲ್ಲಿ ಡೆನ್ಸಿಟಿ ವೇವ್ ಏರಿಳಿತ (ದಟ್ಟ, ತೆಳು ಭಾಗಗಳು ಅಲೆಯಾಗಿ ಸಾಗಿ ಹರಿವು ತೂಗಾಡುವುದು) ಶುರುವಾಗುತ್ತದೆಯೋ ಇಲ್ಲವೋ ಅಂತ ನೋಡುವಾಗ ಇದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಿಜವಾಗಿ ಅಸ್ಥಿರವಾದ ವ್ಯವಸ್ಥೆ ಲೆಕ್ಕದಲ್ಲಿ ಸ್ಥಿರ ಅಂತ ಕಾಣಬಹುದು. ನಮ್ಮ ದೇಶದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ 300 ಮೆಗಾವ್ಯಾಟಿನ ಎಎಚ್‌ಡಬ್ಲ್ಯುಆರ್ (ಸುಧಾರಿತ ಭಾರಜಲ ರಿಯಾಕ್ಟರ್) ವಿನ್ಯಾಸ ಪಂಪಿಲ್ಲದ ಸಹಜ ಹರಿವಿನದ್ದು, ಹಾಗಾಗಿ ಇಲ್ಲಿನ ವಿದ್ಯಾರ್ಥಿಗಳು ಈ ವಿಷಯದ ಮೇಲೆ ತುಂಬಾ ಕೆಲಸ ಮಾಡುತ್ತಾರೆ. ದಯವಿಟ್ಟು ಸ್ಥಿರತೆಯ ಗಡಿ ಹೇಳುವ ಮುಂಚೆ ಟೈಮ್ ಸ್ಟೆಪ್ಪನ್ನೂ ನೋಡ್ ಉದ್ದವನ್ನೂ ಬದಲಾಯಿಸಿ ಗಡಿ ಎಷ್ಟು ಸರಿಯುತ್ತದೆ ಅಂತ ನೋಡಿ. ಆವರ್ತನ ಕ್ಷೇತ್ರದ ಲೆಕ್ಕದ (ಸಮಯದ ಬದಲು ಏರಿಳಿತದ ಆವರ್ತನ ಹಿಡಿದು ಮಾಡುವ ಲೆಕ್ಕ) ಜೊತೆ ಒಮ್ಮೆ ಹೋಲಿಸಿ.

ದಿನನಿತ್ಯದ ಬಳಕೆಯ ಬಗ್ಗೆ. ಇನ್‌ಪುಟ್ ಅಂದರೆ ಈಗಲೂ ಕಾರ್ಡ್‌ಗಳು. ಪ್ರತಿ ಪೈಪಿಗೆ, ಜಂಕ್ಷನ್ನಿಗೆ, ವಾಲ್ವಿಗೆ ಅಂಕಿಗಳ ಸಾಲು. ಟೀಕೆಗೆ ನಕ್ಷತ್ರ ಚಿಹ್ನೆ. ತಪ್ಪಿದ್ದರೆ ಔಟ್‌ಪುಟ್ಟಿನಲ್ಲಿ ಎಂಟು ನಕ್ಷತ್ರಗಳ ಸಾಲು ಹುಡುಕಬೇಕು. ಎಚ್ಚರಿಕೆಗಳಿಗೆ ಡಾಲರ್ ಚಿಹ್ನೆಗಳ ಸಾಲು. ಡಾಲರ್ ಸಾಲುಗಳನ್ನು ಎಲ್ಲರೂ ಕಡೆಗಣಿಸುತ್ತಾರೆ, ನೀವು ಹಾಗೆ ಮಾಡಬೇಡಿ. ಚಿತ್ರ ಬಿಡಿಸಿ ಮಾದರಿ ಕಟ್ಟುವ ಸಾಧನಗಳು ಬಂದಿವೆ. ಆದರೂ ಮೊದಲ ಕೆಲವು ಡೆಕ್‌ಗಳನ್ನು (ಇನ್‌ಪುಟ್ ಫೈಲುಗಳನ್ನು) ಕೈಯಲ್ಲೇ ಬರೆಯುವುದು ಒಳ್ಳೆಯದು. ಯಾವ ಜಂಕ್ಷನ್ನಿನಲ್ಲಿ ಯಾವ ಆಯ್ಕೆ ಹಾಕಿದ್ದೀರಿ ಅಂತ ತಲೆಯಲ್ಲಿ ಉಳಿಯುತ್ತದೆ.

ಲೆಕ್ಕ ನಡುವೆ ನಿಂತರೆ ಹೆಚ್ಚಾಗಿ ಕಾರಣ ನೀರಿನ ಗುಣಗಳ ಕೋಷ್ಟಕದಿಂದ ಹೊರಗೆ ಹೋದದ್ದು. ಅದರ ಹಿಂದೆ ಹೋದರೆ ಸಾಮಾನ್ಯವಾಗಿ ಒಂದು ನೋಡಿನಲ್ಲಿ ಹಬೆ ಪೂರ್ತಿ ಮಾಯವಾಗುವ ಅಥವಾ ಹೊಸದಾಗಿ ಹುಟ್ಟುವ ಕ್ಷಣ ಸಿಗುತ್ತದೆ. ಹಬೆ ತುಂಬಿದ ನೋಡಿಗೆ ತಣ್ಣೀರು ನುಗ್ಗಿ ಕೊನೆಯ ಹಬೆ ಗುಳ್ಳೆ ಕರಗಿದ ಕೂಡಲೇ ಒತ್ತಡ ಸೂಜಿಯ ಹಾಗೆ ಮೇಲೇಳುತ್ತದೆ. ಇದನ್ನು ವಾಟರ್ ಪ್ಯಾಕಿಂಗ್ ಅನ್ನುತ್ತಾರೆ. ಇದನ್ನು ತಗ್ಗಿಸುವ ಉಪಾಯ ಕೋಡಿನಲ್ಲಿದೆ, ಆದರೂ ಕಡಿಮೆ ಒತ್ತಡದಲ್ಲಿ ಕಾಟ ತಪ್ಪುವುದಿಲ್ಲ. 7 ಮೆಗಾಪಾಸ್ಕಲ್‌ನಲ್ಲಿ ನೀರು ಹಬೆಗಿಂತ ಸುಮಾರು 20 ಪಟ್ಟು ದಟ್ಟ. ವಾತಾವರಣದ ಒತ್ತಡದಲ್ಲಿ ಅದು 1600 ಪಟ್ಟು. ಅಲ್ಲಿ ಒಂದು ಹನಿ ನೀರು ಹಬೆಯಾದರೂ ಇಡೀ ನೋಡಿನ ಲೆಕ್ಕ ಅಲುಗುತ್ತದೆ. ಸ್ಥಗಿತಗೊಂಡ ರಿಯಾಕ್ಟರ್, ಇಂಧನ ಸಂಗ್ರಹ ಕೊಳ, ಸಂಶೋಧನಾ ರಿಯಾಕ್ಟರ್ ಇಂಥ ಕೆಲಸಕ್ಕೆ ರಿಲ್ಯಾಪ್-5 ತೆಗೆದುಕೊಂಡರೆ ತಾಳ್ಮೆ ಬೇಕು. ಗ್ರಾಫಿನಲ್ಲಿ ಕಾಣುವ ಏರಿಳಿತ ನಿಜವಾ ಅಂತ ಪ್ರತಿ ಸಲ ಕೇಳಿಕೊಳ್ಳಬೇಕು.

ಈಗ ನಮ್ಮ ಭಾರಜಲ ರಿಯಾಕ್ಟರುಗಳ ವಿಷಯ, ಇದು ನನಗೆ ಹತ್ತಿರದ್ದು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅಲ್ಲಿನ ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಯಲ್ಲಿ ವಿಶ್ವದಾಖಲೆ ಮಾಡಿದ್ದು ಕನ್ನಡಿಗರಿಗೆ ಗೊತ್ತೇ ಇದೆ. ಇಂಥ ಒಂದು ಘಟಕದಲ್ಲಿ ಮಲಗಿಸಿದ 306 ಚಾನೆಲ್‌ಗಳು, ಪ್ರತಿ ಚಾನೆಲ್ಲಿನಲ್ಲಿ 12 ಇಂಧನ ಕಟ್ಟುಗಳು, ಪ್ರತಿ ಕಟ್ಟಿನಲ್ಲಿ 19 ಕಡ್ಡಿಗಳು. ರಿಲ್ಯಾಪ್-5 ಬೆಳೆದದ್ದು ಇಂಧನ ನೆಟ್ಟಗೆ ನಿಂತಿರುವ ರಿಯಾಕ್ಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮಲಗಿರುವ ಚಾನೆಲ್ಲಿನಲ್ಲಿ ಹರಿವು ನಿಧಾನವಾದರೆ ನೀರು ಕೆಳಗೆ ಕೂತು ಹಬೆ ಮೇಲೆ ನಿಲ್ಲುತ್ತದೆ. ಮೇಲಿನ ಕಡ್ಡಿಗಳು ಹಬೆಯಲ್ಲಿ ಒಣಗಿ ಬಿಸಿಯಾಗುತ್ತವೆ, ಕೆಳಗಿನವು ನೀರಿನಲ್ಲಿ ತಣ್ಣಗೇ ಇರುತ್ತವೆ. ಕೋಡಿಗೆ ಮಾತ್ರ ಒಂದು ನೋಡಿನ ಅಡ್ಡಕೊಯ್ತಕ್ಕೆ ಒಂದೇ ಹಬೆಯ ಪಾಲು. ಎಲ್ಲ ಕಡ್ಡಿಗಳನ್ನೂ ಒಂದೇ ಹೀಟ್ ಸ್ಟ್ರಕ್ಚರ್ (ಶಾಖ ಕೊಡುವ ಘನ ಭಾಗದ ಮಾದರಿ) ಮಾಡಿ ಅದಕ್ಕೆ ಅಂಟಿಸಿದರೆ ಮೇಲಿನ ಕಡ್ಡಿಯ ತಾಪಮಾನ ಎಲ್ಲೂ ಸಿಗುವುದಿಲ್ಲ, ಸರಾಸರಿ ಮಾತ್ರ ಸಿಗುತ್ತದೆ. ಕಡ್ಡಿಗಳನ್ನು ಎತ್ತರದ ಪ್ರಕಾರ ಗುಂಪು ಮಾಡಿ ಬೇರೆ ದಾರಿ ಹುಡುಕಬೇಕು, ಮತ್ತು ಆ ದಾರಿ ನಿಮ್ಮ ಜಾಣ್ಮೆಯ ಮೇಲೆ ನಿಂತಿರುತ್ತದೆ. ಕೆನಡಾದ ಕ್ಯಾಥಿನಾ ಕೋಡ್ ಅಲ್ಲಿನ ಕ್ಯಾಂಡು ಭಾರಜಲ ರಿಯಾಕ್ಟರುಗಳಿಗಾಗಿಯೇ ಬಂದದ್ದು, ಈ ವಿಷಯದಲ್ಲಿ ಅದು ಖಂಡಿತ ಮುಂದಿದೆ. ಹಾಗಂತ ರಿಲ್ಯಾಪ್-5 ಕೆಲಸಕ್ಕೆ ಬಾರದ್ದಲ್ಲ. ಕೆನಡಾದ ಆರ್‌ಡಿ-14ಎಂ ಪ್ರಯೋಗಗಳ ಜೊತೆ ಬೇರೆ ಬೇರೆ ದೇಶಗಳ ಲೆಕ್ಕಗಳನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹೋಲಿಸಿದಾಗ ಭಾರತವೂ ಅದರಲ್ಲಿ ಭಾಗವಹಿಸಿತ್ತು. ಕೂಲೆಂಟ್ ಭಾರಜಲ ಅಂತ ಇನ್‌ಪುಟ್ಟಿನಲ್ಲಿ ಹೇಳುವ ಆಯ್ಕೆ ಕೋಡಿನಲ್ಲೇ ಇದೆ, ಅದನ್ನು ಹಾಕುವುದನ್ನು ಮರೆಯಬೇಡಿ. ಇನ್ನು 306 ಚಾನೆಲ್‌ಗಳನ್ನು ಕೆಲವೇ ಸರಾಸರಿ ಚಾನೆಲ್‌ಗಳಾಗಿ ಒಟ್ಟುಗೂಡಿಸುವುದು ವಾಡಿಕೆ. ಪಕ್ಕಪಕ್ಕದ ಚಾನೆಲ್‌ಗಳಲ್ಲಿ ಹರಿವು ಎದುರುಬದುರು ಆಗುವ ಸಾಧ್ಯತೆ ಆಗ ಕಾಣದೇ ಹೋಗುತ್ತದೆ. ಚಾನೆಲ್‌ಗಳಿಗೆಲ್ಲ ಹರಿವು ಹಂಚುವ, ಕೂಡಿಸುವ ದೊಡ್ಡ ಪೈಪಾದ ಹೆಡರಿನಲ್ಲಿ ನೀರು-ಹಬೆ ಬೇರ್ಪಡುವ ಸಂದರ್ಭ ಇದ್ದರೆ ಬೇರೆ ಬೇರೆ ಎತ್ತರದ ಚಾನೆಲ್‌ಗಳನ್ನು ಪ್ರತ್ಯೇಕವಾಗಿಯೇ ಇಡಿ.

ಒಡೆದ ಬಾಯಿಯಿಂದ ಎಷ್ಟು ಹೊರಗೆ ಹೋಗುತ್ತದೆ ಅನ್ನುವ ಸೂತ್ರದ ಬಗ್ಗೆ ಒಂದೆರಡು ಮಾತು. ರ‍್ಯಾನ್ಸಮ್-ಟ್ರ್ಯಾಪ್ ಮಾದರಿ ಇದೆ, ಹೊಸ ಆವೃತ್ತಿಗಳಲ್ಲಿ ಹೆನ್ರಿ-ಫೌಸ್ಕೆ ಇದೆ. ಎರಡರ ಜೊತೆಗೂ ನೀವು ಕೊಡುವ ಗುಣಾಂಕಗಳಿವೆ. ಮುಂದಿನ ಇಡೀ ಅಪಘಾತದ ಕಥೆ ಈ ಒಂದು ಜಂಕ್ಷನ್ನಿನ ಮೇಲೆ ನಿಂತಿರುತ್ತದೆ. ಪ್ರಯೋಗಕ್ಕೆ ಹೊಂದುವ ತನಕ ಗುಣಾಂಕ ತಿರುಗಿಸಿ, ಅದೇ ಬೆಲೆಯನ್ನು ಏನೂ ಹೇಳದೆ ಪ್ಲಾಂಟಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇಂಧನದ ಹೊದಿಕೆಯ ತಾಪಮಾನ ಅಮೆರಿಕದ ನಿಯಮದ 1204 ಡಿಗ್ರಿ ಸೆಲ್ಸಿಯಸ್ ಮಿತಿಯ ಒಳಗೆ ಇದೆ ಅಂತ ಹೇಳುವಾಗ, ಆ ಗುಣಾಂಕವನ್ನು ಆಚೀಚೆ ಮಾಡಿದರೆ ಏನಾಗುತ್ತದೆ ಅನ್ನುವುದೂ ವರದಿಯಲ್ಲಿ ಇರಬೇಕು.

ಬೇರೆ ಕೋಡ್‌ಗಳು? ಅಮೆರಿಕದ ಆಯೋಗ ತನ್ನ ಹಳೆಯ ಕೋಡ್‌ಗಳನ್ನೆಲ್ಲ ಸೇರಿಸಿ ಟ್ರೇಸ್ ಮಾಡಿಕೊಂಡಿದೆ, ರಿಯಾಕ್ಟರ್ ವೆಸೆಲ್ಲಿನ ಮೂರು ಆಯಾಮದ ಹರಿವಿಗೆ ಅದು ಒಳ್ಳೆಯದು. ಫ್ರಾನ್ಸಿನ ಕ್ಯಾಥೇರ್ ಒಂದು ಆಯಾಮದ ಭಾಗಗಳನ್ನು ಪೂರ್ತಿ ಇಂಪ್ಲಿಸಿಟ್ ಆಗಿ ಬಿಡಿಸುತ್ತದೆ, ದೀರ್ಘ ಲೆಕ್ಕಗಳಿಗೆ ಆ ಯೋಚನೆ ನನಗೆ ಹಿಡಿಸುತ್ತದೆ. ಜರ್ಮನಿಯ ಆಥ್ಲೆಟ್ ಇದೆ. ಇಂಧನ ಕಟ್ಟಿನ ಒಳಗಿನ ಸಬ್‌ಚಾನೆಲ್ (ಕಡ್ಡಿಗಳ ನಡುವಿನ ಸಂದು) ವಿವರ ಬೇಕಾದರೆ ಕೋಬ್ರಾ ವಂಶದ ಕೋಡ್‌ಗಳು. ಸಿಎಫ್‌ಡಿ (ಹರಿವನ್ನು ಮೂರು ಆಯಾಮದಲ್ಲಿ ತೀರಾ ಸಣ್ಣ ತುಂಡುಗಳಲ್ಲಿ ಬಿಡಿಸುವ ವಿಧಾನ) ಒಂದು ಟೀ-ಜಂಕ್ಷನ್ನಿಗೆ, ಒಂದು ಪ್ಲೀನಮ್ಮಿಗೆ (ಹರಿವು ಕೂಡುವ ದೊಡ್ಡ ಕೋಣೆ) ಸರಿ. ಇಡೀ ಪ್ಲಾಂಟಿಗೆ ಅಲ್ಲ.

ದಾಖಲೆಗಳಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಈ ಕೋಡಿನ ಮಾಡ್ 3.3 ಆವೃತ್ತಿಯ ಕೈಪಿಡಿ ಎಂಟು ಸಂಪುಟ. ಎರಡನೆಯದು ಇನ್‌ಪುಟ್‌ಗೆ, ಎಲ್ಲರೂ ಅದನ್ನೇ ಓದಿ ನಿಲ್ಲಿಸುತ್ತಾರೆ. ನಾಲ್ಕನೆಯದರಲ್ಲಿ ಪ್ರತಿ ಸೂತ್ರ ಎಲ್ಲಿಂದ ಬಂತು, ಮೂಲ ಸೂತ್ರಕ್ಕೂ ಕೋಡಿನಲ್ಲಿ ಬರೆದದ್ದಕ್ಕೂ ಏನು ವ್ಯತ್ಯಾಸ ಅಂತ ಬಿಚ್ಚಿ ಹೇಳಿದ್ದಾರೆ. ಆರನೆಯದು ಸಂಖ್ಯಾತ್ಮಕ ವಿಧಾನಗಳ ಪರಿಶೀಲನೆಗೇ ಮೀಸಲು. ತಮ್ಮ ಕೋಡಿನ ಮಿತಿಗಳನ್ನು ಇಷ್ಟು ತೆರೆದು ಬರೆದವರ ಬಗ್ಗೆ ನನಗೆ ಗೌರವ ಇದೆ.

ಒಂದೇ ಕೋಡ್, ಒಂದೇ ಪ್ರಯೋಗ ಕೊಟ್ಟರೂ ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಉತ್ತರ ತರುತ್ತವೆ ಅನ್ನುವುದು ಒಇಸಿಡಿಯ ಅಂತರರಾಷ್ಟ್ರೀಯ ಹೋಲಿಕೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹಾಗಾಗಿ ನನ್ನ ಜೊತೆ ಕೆಲಸ ಮಾಡುವವರಿಗೆ ನಾನು ಕೇಳುವುದು ಇಷ್ಟು: ಒತ್ತಡ, ತಾಪಮಾನದ ಗ್ರಾಫ್ ಜೊತೆ ಟೈಮ್ ಸ್ಟೆಪ್ ಮತ್ತು ದ್ರವ್ಯರಾಶಿ ದೋಷದ (ಲೆಕ್ಕದಲ್ಲಿ ಕಳೆದುಹೋದ ಅಥವಾ ಹೆಚ್ಚಾದ ನೀರು-ಹಬೆ) ಗ್ರಾಫನ್ನೂ ಅದೇ ಪುಟದಲ್ಲಿ ಹಾಕಿ. ಮುಖ್ಯ ನೋಡ್‌ಗಳಲ್ಲಿ ಕೋಡ್ ಯಾವ ಬಗೆಯ ಹರಿವು ಆರಿಸಿತು ಅನ್ನುವ ಸಂಖ್ಯೆಯನ್ನೂ ಸಮಯಕ್ಕೆ ತಕ್ಕಂತೆ ಬಿಡಿಸಿ. ತಾಪಮಾನ ಜಿಗಿದ ಕ್ಷಣದಲ್ಲೇ ಆ ಸಂಖ್ಯೆಯೂ ಜಿಗಿದಿದ್ದರೆ ಅಲ್ಲಿ ನಿಂತು ನೋಡಬೇಕು. ಮತ್ತೆ, ಈ ಕೋಡ್ ಸುಮ್ನೆ ಇಳಿಸಿಕೊಳ್ಳುವಂಥದ್ದಲ್ಲ, ಒಪ್ಪಂದ ಮತ್ತು ಪರವಾನಗಿ ಬೇಕು. ಪಿಎಚ್‌ಡಿ ವಿಷಯ ಗೊತ್ತುಮಾಡುವ ಮುಂಚೆಯೇ ನಿಮ್ಮ ಸಂಸ್ಥೆಯ ಹತ್ತಿರ ಯಾವ ಆವೃತ್ತಿ ಇದೆ, ಅದರ ಮೂಲ ಕೋಡ್ ನೋಡಲು ಸಿಗುತ್ತದೆಯಾ ಅಥವಾ ಓಡಿಸುವ ಫೈಲ್ ಮಾತ್ರವಾ ಅಂತ ವಿಚಾರಿಸಿಕೊಳ್ಳಿ. ಸಂಖ್ಯಾತ್ಮಕ ವಿಧಾನದ ಮೇಲೆಯೇ ಕೆಲಸ ಮಾಡುವ ಆಸೆ ಇದ್ದರೆ ಮೂಲ ಕೋಡ್ ಇಲ್ಲದೆ ಆಗುವುದಿಲ್ಲ.